ಕುದುರೆಮುಖದ ಹಾದಿಯಲ್ಲಿ ನಿಲ್ಲದ ಪೆಡಲು

ಕಳಸದ ಪೇಟೆಯನ್ನು ಬಿಟ್ಟು ಕುದುರೆಮುಖದ ಕಡೆಗೆ ಹೊರಟ ರಸ್ತೆ ಬಹು ದೂರ ಸಮನಾಗಿ ಸಾಗುವುದಿಲ್ಲ. ಒಂದು ತಿರುವಿನಲ್ಲಿ ಕಾಫಿ ತೋಟದ ಬೇಲಿಯನ್ನು ಬಳಸಿ ಏರುತ್ತದೆ, ಮುಂದಿನ ತಿರುವಿನಲ್ಲಿ ಹಳ್ಳದ ಸೇತುವೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಈ ಏರಿಳಿತ ಹೊಟ್ಟೆ ತೊಳಸುವುದರಿಂದ ಗೊತ್ತಾಗುತ್ತದೆ. ಸೈಕಲ್ ತುಳಿಯುವವರಿಗೆ ಮೊಣಕಾಲಿನಿಂದ ಗೊತ್ತಾಗುತ್ತದೆ.

ಈ ಸೀಮೆಯ ಮಕ್ಕಳಿಗೆ ಸೈಕಲ್ ಹೊಸದಲ್ಲ. ಅಪ್ಪನ ಎತ್ತರದ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತವರ ಕಾಲ ಹಿಂದೆ ಸರಿದರೂ, 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಮಲೆನಾಡಿನ ಅನೇಕ ಮನೆಗಳ ಜಗುಲಿಗೆ ಸೈಕಲ್ ಬಂತು. ಅದನ್ನು ಇಲ್ಲಿಯ ಮಕ್ಕಳು ಬಳಸುವ ರೀತಿ ಬಯಲುಸೀಮೆಯವರಿಗಿಂತ ಬೇರೆ. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟು ತೇಲಿ ಹೋಗುವುದು. ಹಾಗೆ ತೇಲುವಾಗ ಹಿಂಗಾಲಿಯಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳುತ್ತದೆ. ಅದು ಫ್ರೀವೀಲ್‌ನ ಸದ್ದು. ಮಲೆನಾಡಿನ ಸೈಕಲ್ ಸವಾರನಿಗೆ ಇಳಿಜಾರಿನಲ್ಲಿ ಬಿಡುವು ಸಿಗುವುದು ಆ ಪುಟ್ಟ ಯಂತ್ರದಿಂದ.

ಈಚೆಗೆ ನಗರಗಳ ಕಾಲೇಜು ಹುಡುಗರಲ್ಲಿ ಒಂದು ಹವ್ಯಾಸ ಹಬ್ಬಿದೆ. ಮೂಲೆ ಸೇರಿದ ಹಳೆಯ ರೇಸಿಂಗ್ ಸೈಕಲ್ಲನ್ನು ಹೊರಗೆ ತೆಗೆದು, ಅದರ ಗೇರು, ತಂತಿ, ಫ್ರೀವೀಲ್ ಎಲ್ಲವನ್ನೂ ಬಿಚ್ಚಿ, ಹಿಂಗಾಲಿಗೆ ಒಂದೇ ಒಂದು ಹಲ್ಲುಚಕ್ರವನ್ನು ಬಿಗಿಯಾಗಿ ಕೂರಿಸುವುದು. ಇದಕ್ಕೆ ಫಿಕ್ಸೆಡ್ ಗೇರ್ ಸೈಕಲ್ ಎಂದು ಹೆಸರು. ನೋಡಲು ತೆಳ್ಳಗೆ, ಹಗುರ, ಚೊಕ್ಕಟ. ಆದರೆ ರಜೆಗೆ ಊರಿಗೆ ಬರುವ ಹುಡುಗನ ಜೊತೆ ಅದು ಕುದುರೆಮುಖದ ರಸ್ತೆಗೂ ಬಂದರೆ ಏನಾಗುತ್ತದೆ? ಮಗ ‘ಮಾಡಿಸಿಕೊಳ್ಳಲೇ?’ ಎಂದು ಕೇಳಿದರೆ ತಂದೆ ತಾಯಿ ಏನು ಹೇಳಬೇಕು? ಈ ಬೆಟ್ಟದ ದಾರಿಯನ್ನೇ ಪ್ರಯೋಗಶಾಲೆಯೆಂದು ಭಾವಿಸಿ ಉತ್ತರ ಹುಡುಕಬಹುದು.

ಸಂಸೆಯಿಂದ ಘಟ್ಟದ ತುದಿಗೆ

ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಕಳಸ ಈಗ ತಾನೇ ಒಂದು ತಾಲ್ಲೂಕು. ಅಲ್ಲಿಂದ ಕುದುರೆಮುಖ ಪಟ್ಟಣಕ್ಕೆ ಸುಮಾರು 20 ಕಿ.ಮೀ. ದಾರಿಯಲ್ಲಿ ಸಂಸೆ ಸಿಗುತ್ತದೆ. ಕಾಫಿ, ಅಡಿಕೆ, ಮೆಣಸಿನ ಬಳ್ಳಿಗಳ ನಡುವೆ ಇಲ್ಲಿ ಚಹಾ ತೋಟದ ಹಸಿರೂ ಕಾಣುತ್ತದೆ. 1894 ಮೀಟರ್ ಎತ್ತರದ ಕುದುರೆಮುಖ ಶಿಖರವನ್ನು ಹಿಂದೆ ಈ ಊರಿನ ಕಡೆಯಿಂದ ಹತ್ತುತ್ತಿದ್ದುದರಿಂದ ಅದಕ್ಕೆ ಸಂಸೆ ಪರ್ವತ ಎಂಬ ಹೆಸರೂ ಇತ್ತು. ಒಂದು ಮಗ್ಗುಲಿನಿಂದ ನೋಡಿದರೆ ಬೆಟ್ಟದ ಏಣು ಕುದುರೆಯ ಮೋರೆಯನ್ನು ಹೋಲುತ್ತದೆ. ಅದೇ ಈಗಿನ ಹೆಸರಿಗೆ ಕಾರಣ.

ಪಟ್ಟಣದ ಕಥೆ ಕಬ್ಬಿಣದ ಕಥೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಮಲ್ಲೇಶ್ವರ ಎಂಬ ಹಳ್ಳಿಯಿದ್ದ ಜಾಗದಲ್ಲಿ ಕಾಲೋನಿ, ಶಾಲೆ, ಆಸ್ಪತ್ರೆ ಎದ್ದವು. ಬೆಟ್ಟದಲ್ಲಿ ಅಗೆದ ಮ್ಯಾಗ್ನೆಟೈಟ್ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಘಟ್ಟದ ಇಳಿಜಾರು ಆ ಕೆಸರನ್ನು ಕೆಳಗೆ ಒಯ್ಯಲು ನೆರವಾಗುತ್ತಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರ ಸುಮಾರು 600 ಚದರ ಕಿ.ಮೀ. ಗಣಿ ಮತ್ತು ಕಾಡಿನ ನಡುವಣ ಜಗ್ಗಾಟ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖದ ಕಾಡುಗಳೂ ಅದರಲ್ಲಿದ್ದವು. ಒಂದು ಕಾಲಕ್ಕೆ ಗಿಜಿಗುಟ್ಟುತ್ತಿದ್ದ ಕಾಲೋನಿ ಈಗ ಮೌನವಾಗಿದೆ.

ಪಟ್ಟಣ ದಾಟಿದ ಮೇಲೆ ದಾರಿ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ನಡುವೆ ಸಾಗುತ್ತದೆ. ಬೆಟ್ಟದ ಬೋಳು ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ದಟ್ಟ ಮರಗಳು. ಸಿಂಗಳೀಕಗಳ ನೆಲೆ ಇದು. ಈ ಬೆಟ್ಟಗಳ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಕದಂಬಿ ಮತ್ತು ಹನುಮನಗುಂಡಿ ಜಲಪಾತಗಳು ಈ ದಾರಿಯ ಆಸುಪಾಸಿನಲ್ಲೇ ಇವೆ. ಮುಂದೆ ಎಸ್.ಕೆ. ಬಾರ್ಡರ್ ಎಂದು ಎಲ್ಲರೂ ಕರೆಯುವ ತಪಾಸಣಾ ಠಾಣೆ. ಹಳೆಯ ದಕ್ಷಿಣ ಕನ್ನಡದ, ಅಂದರೆ ಸೌತ್ ಕೆನರಾದ, ಗಡಿ ಇದಾದ್ದರಿಂದ ಆ ಹೆಸರು. ಇಲ್ಲಿಂದ ಒಂದು ದಾರಿ ಕೆರೆಕಟ್ಟೆಯ ಮೂಲಕ ಶೃಂಗೇರಿಗೆ ಹೋದರೆ, ಇನ್ನೊಂದು ಮಾಳದ ಮೂಲಕ ಕಾರ್ಕಳಕ್ಕೆ ಘಟ್ಟ ಇಳಿಯುತ್ತದೆ. ಏರು, ತಗ್ಗು, ತಿರುವು, ಮಂಜು, ಮಳೆ ಎಲ್ಲವೂ ಒಂದೇ ದಾರಿಯಲ್ಲಿ ಸಿಗುವುದರಿಂದ ಸೈಕಲ್ಲಿನ ಪರೀಕ್ಷೆಗೆ ಇದಕ್ಕಿಂತ ಕಠಿಣ ಜಾಗ ಬೇಕಿಲ್ಲ.

ಫ್ರೀವೀಲ್ ಮಾಡುವ ಉಪಕಾರ

ಸಾಮಾನ್ಯ ಸೈಕಲ್ಲಿನ ಹಿಂಗಾಲಿಯ ಹಲ್ಲುಚಕ್ರದ ಒಳಗೆ ಸ್ಪ್ರಿಂಗಿನ ಬಲದ ಮೇಲೆ ನಿಂತ ಪುಟ್ಟ ಕೊಕ್ಕೆಗಳಿರುತ್ತವೆ. ಮುಂದಕ್ಕೆ ತುಳಿದಾಗ ಕೊಕ್ಕೆ ಹಲ್ಲಿಗೆ ಸಿಕ್ಕಿ ಗಾಲಿಯನ್ನು ತಿರುಗಿಸುತ್ತದೆ. ತುಳಿಯುವುದನ್ನು ನಿಲ್ಲಿಸಿದಾಗ ಗಾಲಿ ತನ್ನ ಪಾಡಿಗೆ ಉರುಳುತ್ತದೆ, ಕೊಕ್ಕೆಗಳು ಹಲ್ಲುಗಳ ಮೇಲೆ ಜಾರುತ್ತ ಟಿಕ್ ಟಿಕ್ ಎನ್ನುತ್ತವೆ. ಬಾವಿಯ ರಾಟೆಗೆ ಅಥವಾ ಜಾಕಿಗೆ ಹಿಂದಕ್ಕೆ ತಿರುಗದಂತೆ ಹಾಕುವ ತಡೆಯೂ ಇದೇ ಜಾತಿಯದು.

ಫಿಕ್ಸೆಡ್ ಗೇರಿನಲ್ಲಿ ಈ ಕೊಕ್ಕೆ ಇಲ್ಲ. ಹಲ್ಲುಚಕ್ರ ನೇರವಾಗಿ ಹಬ್‌ಗೆ ಬಿಗಿಯಲ್ಪಟ್ಟಿದೆ. ಗಾಲಿ ತಿರುಗುತ್ತಿರುವಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಸವಾರ ಕಾಲು ನಿಲ್ಲಿಸುತ್ತೇನೆಂದರೂ ಸೈಕಲ್ ನಿಲ್ಲಿಸಗೊಡುವುದಿಲ್ಲ. ಕಾಲನ್ನೇ ಎತ್ತಿ ತಿರುಗಿಸುತ್ತದೆ. ಹಿಂದಕ್ಕೆ ಒತ್ತಿದರೆ ವೇಗ ತಗ್ಗುತ್ತದೆ.

ಇಂಥ ಸೈಕಲ್ಲಿನ ನಿಜವಾದ ಮನೆ ವೆಲೊಡ್ರೋಮ್, ಅಂದರೆ ಅಂಚು ಎತ್ತರಿಸಿದ ಅಂಡಾಕಾರದ ಓಟದ ಪಥ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಮರದ ಹಾಸಿನ, 250 ಮೀಟರ್ ಸುತ್ತಳತೆಯ ಇಂಥದೊಂದು ಒಳಾಂಗಣ ಪಥ ಸಿದ್ಧವಾಯಿತು. ಟ್ರ್ಯಾಕ್ ಸ್ಪರ್ಧೆಯ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡುವಾಗ ಒಬ್ಬ ಹಠಾತ್ತನೆ ಬ್ರೇಕ್ ಒತ್ತಿದರೆ ಹಿಂದಿನವರೆಲ್ಲ ರಾಶಿ ಬೀಳುತ್ತಾರೆ ಎಂಬುದೇ ಅಲ್ಲಿಯ ನ್ಯಾಯ. ನಮ್ಮ ರಾಜ್ಯದಲ್ಲಿ ಸೈಕ್ಲಿಂಗ್ ಪಟುಗಳ ತವರೆಂದರೆ ವಿಜಯಪುರ, ಬಾಗಲಕೋಟೆ ಸೀಮೆ. ಅಲ್ಲಿಯ ಹಳ್ಳಿಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಸಮತಟ್ಟಾದ, ದೂರದವರೆಗೆ ನೇರವಾಗಿ ಕಾಣುವ ರಸ್ತೆಗಳು ಆ ಸೀಮೆಯವು. ಕುದುರೆಮುಖದ ರಸ್ತೆ ಹಾಗಲ್ಲ.

ಒಂದು ಸುತ್ತಿಗೆ ಎಷ್ಟು ದೂರ?

ಲೆಕ್ಕ ಸುಲಭ. ಮುಂದಿನ ಹಲ್ಲುಚಕ್ರದಲ್ಲಿ 46 ಹಲ್ಲು, ಹಿಂದಿನದರಲ್ಲಿ 16 ಹಲ್ಲು ಇದೆ ಎನ್ನಿ. ಪೆಡಲಿನ ಒಂದು ಸುತ್ತಿಗೆ ಗಾಲಿ 46 ಭಾಗಿಸು 16, ಅಂದರೆ 2.875 ಸುತ್ತು ಹಾಕುತ್ತದೆ. ರೇಸಿಂಗ್ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಎರಡನ್ನೂ ಗುಣಿಸಿದರೆ ಒಂದು ಸುತ್ತಿಗೆ ಸುಮಾರು 6 ಮೀಟರ್ ದೂರ.

ಬಯಲಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 32 ಕಿ.ಮೀ. ದಾಟುತ್ತದೆ. ಹದವಾದ ವೇಗ. ಅದೇ ಸೈಕಲ್ಲಿನಲ್ಲಿ ಸಂಸೆಯಾಚೆಯ ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಪೆಡಲು ನಿಮಿಷಕ್ಕೆ ಬರೀ 22 ಸುತ್ತು ತಿರುಗುತ್ತದೆ. ಪ್ರತಿ ತುಳಿತಕ್ಕೂ ಇಡೀ ಮೈಭಾರ ಹಾಕಬೇಕು, ಮೊಣಕಾಲು ನರಳುತ್ತದೆ. ಗೇರಿರುವ ಸೈಕಲ್ಲಿನಲ್ಲಿ ಮುಂದಿನ ಮತ್ತು ಹಿಂದಿನ ಹಲ್ಲುಗಳು ಸಮಸಂಖ್ಯೆಯಲ್ಲಿರುವಂತೆ ಚೈನನ್ನು ಬದಲಾಯಿಸಿಕೊಂಡರೆ ಒಂದು ಸುತ್ತಿಗೆ 2.1 ಮೀಟರ್ ಮಾತ್ರ. ಆಗ ಅದೇ 8 ಕಿ.ಮೀ. ವೇಗಕ್ಕೆ 63 ಸುತ್ತು ತುಳಿಯಬೇಕು, ಆದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಸುಮಾರು ಮೂರನೆಯ ಒಂದು ಪಾಲು. ಕೆಲಸವೆಂದರೆ ಬಲ ಗುಣಿಸು ದೂರ ಎಂದು ಶಾಲೆಯಲ್ಲಿ ಓದುವ ಸೂತ್ರ ಇಲ್ಲಿ ಕಾಲಿಗೇ ತಿಳಿಯುತ್ತದೆ. ಗೇರು ಶ್ರಮವನ್ನು ಕಡಿಮೆ ಮಾಡುವುದಿಲ್ಲ, ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸಲು ಬಿಡುತ್ತದೆ.

ಇಳಿಜಾರಿನಲ್ಲಿ ತೊಂದರೆ ತಿರುಗಿ ಬೀಳುತ್ತದೆ. ಸೈಕಲ್ ಗಂಟೆಗೆ 45 ಕಿ.ಮೀ. ವೇಗ ಹಿಡಿದರೆ ಪೆಡಲು ನಿಮಿಷಕ್ಕೆ 124 ಸುತ್ತು ತಿರುಗುತ್ತದೆ. ಪಳಗದ ಕಾಲು ಅದನ್ನು ಹಿಂಬಾಲಿಸಲಾರದು. ಕಾಲು ಪೆಡಲಿನಿಂದ ಜಾರಿದರೆ ಗಿರಗಿರನೆ ತಿರುಗುವ ಪೆಡಲು ಮೀನಖಂಡಕ್ಕೆ ಬಡಿಯುತ್ತದೆ. ಘಟ್ಟದ ನಡುವೆ ಮತ್ತೆ ಕಾಲಿಡಲು ಅವಕಾಶ ಸಿಗುವುದು ಕಷ್ಟ.

ಬದಲಾವಣೆ ಮಾಡುವುದು ಹೇಗೆ?

ಇಷ್ಟಾದರೂ, ಹಳೆಯ ಸೈಕಲ್ಲನ್ನು ಬಿಚ್ಚಿ ಕಟ್ಟುವುದರಲ್ಲಿ ಕಲಿಯಲು ಬಹಳ ಇದೆ. ಮೊದಲು ನೋಡಬೇಕಾದ್ದು ಫ್ರೇಮ್. ಹಿಂಗಾಲಿಯ ಅಚ್ಚು ಕೂರುವ ಸೀಳು ಅಡ್ಡಕ್ಕೆ ಇದ್ದರೆ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನನ್ನು ಬಿಗಿಮಾಡಬಹುದು. ಹಳೆಯ ಉಕ್ಕಿನ ರೇಸಿಂಗ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಹೊಸ ಫ್ರೇಮುಗಳಲ್ಲಿ ಸೀಳು ನೆಟ್ಟಗೆ ಕೆಳಮುಖವಾಗಿರುವುದರಿಂದ ಗಾಲಿ ಸರಿಯುವುದಿಲ್ಲ. ಸ್ಪ್ರಿಂಗಿನಿಂದ ಚೈನು ಎಳೆದು ಹಿಡಿಯುವ ತೋಳನ್ನು ಹಾಕೋಣವೆಂದರೆ ಫಿಕ್ಸೆಡ್ ಗೇರಿಗೆ ಅದು ಸಲ್ಲದು. ಹಿಂದಕ್ಕೆ ಒತ್ತಿದಾಗ ಎಳೆತ ಕೆಳಗಿನ ಚೈನಿಗೆ ಬಂದು ಆ ತೋಳನ್ನು ಮುರಿದೀತು.

ಎರಡನೆಯದು ಹಬ್. ಇದೇ ಇಡೀ ಕೆಲಸದ ಜೀವಾಳ. ಹಲ್ಲುಚಕ್ರವನ್ನು ಬಲಕ್ಕೆ ತಿರುಗಿಸಿ ಬಿಗಿಯುತ್ತಾರೆ. ಮುಂದಕ್ಕೆ ತುಳಿದಷ್ಟೂ ಅದು ಬಿಗಿಯಾಗುತ್ತದೆ, ಹಿಂದಕ್ಕೆ ಒತ್ತಿದರೆ ಸಡಿಲಾಗಲು ಹವಣಿಸುತ್ತದೆ. ಅದನ್ನು ತಡೆಯಲು ಟ್ರ್ಯಾಕ್ ಹಬ್‌ನಲ್ಲಿ ಇನ್ನೊಂದು ಉಂಗುರ ಇರುತ್ತದೆ. ಅದರ ಥ್ರೆಡ್ ಎಡಕ್ಕೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹೊರಟರೆ ಉಂಗುರ ಇನ್ನಷ್ಟು ಬಿಗಿದುಕೊಂಡು ಅದನ್ನು ತಡೆಯುತ್ತದೆ. ಸಾಮಾನ್ಯ ಫ್ರೀವೀಲ್ ಹಬ್‌ಗೆ ಎಡ ಥ್ರೆಡ್ ಇಲ್ಲ. ಅಂಥ ಹಬ್‌ಗೆ ಹಲ್ಲುಚಕ್ರವನ್ನು ಅಂಟು ಹಾಕಿ ಬಿಗಿದು ‘ನಡೆಯುತ್ತೆ ಬಿಡಿ’ ಎನ್ನುವವರಿದ್ದಾರೆ. ಇಳಿಜಾರಿನಲ್ಲಿ ಹಿಂದಕ್ಕೆ ಒತ್ತಿದ ಗಳಿಗೆಯಲ್ಲೇ ಅದು ಬಿಚ್ಚಿಕೊಳ್ಳುವ ಸಂಭವವಿದೆ.

ಮೂರನೆಯದು ಚೈನಿನ ಸಾಲು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ನೇರದಲ್ಲಿರಬೇಕು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಓರೆ ಕೋರೆ ತಿಳಿಯುತ್ತದೆ. ಟ್ರ್ಯಾಕ್ ಹಬ್‌ನ ಅಗಲ 120 ಮಿ.ಮೀ. ರೇಸಿಂಗ್ ಫ್ರೇಮಿನ ಹಿಂಬದಿ 126 ಅಥವಾ 130 ಮಿ.ಮೀ. ಇದ್ದರೆ ಅಚ್ಚಿನ ಎರಡೂ ಕಡೆಗೆ ವಾಷರ್ ಹಾಕಿ ತುಂಬಬೇಕು. ಚೈನು ನಡುವೆ ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಅಲುಗಬೇಕು. ಅದಕ್ಕಿಂತ ಬಿಗಿಯಾದರೆ ಬೇರಿಂಗು ಸವೆಯುತ್ತದೆ, ಸಡಿಲಾದರೆ ಚೈನು ಕಳಚುತ್ತದೆ. ಫ್ರೀವೀಲ್ ಸೈಕಲ್ಲಿನಲ್ಲಿ ಚೈನು ಕಳಚಿದರೆ ಕೈ ಕಪ್ಪಾಗುತ್ತದೆ, ಅಷ್ಟೆ. ಫಿಕ್ಸೆಡ್ ಗೇರಿನಲ್ಲಿ ಕಳಚಿದ ಚೈನು ಸಿಕ್ಕಿಹಾಕಿಕೊಂಡು ಹಿಂಗಾಲಿಯನ್ನೇ ಹಿಡಿದು ನಿಲ್ಲಿಸಬಹುದು. ಚೈನಿನ ಬಳಿ ಬೆರಳನ್ನೂ ಸಡಿಲ ಬಟ್ಟೆಯನ್ನೂ ತರಲೇಬಾರದು. ಅದು ಬಿಟ್ಟುಕೊಡುವ ಯಂತ್ರವಲ್ಲ.

ನಾಲ್ಕನೆಯದು ಬ್ರೇಕ್. ಕೆಲವರು ಚೆಂದಕ್ಕಾಗಿ ಎರಡೂ ಬ್ರೇಕುಗಳನ್ನು ಕಿತ್ತು ಹಾಕುತ್ತಾರೆ. ಮಾಳ ಘಟ್ಟದ ಇಳಿಜಾರು ಇದಕ್ಕೆ ಏನು ಹೇಳುತ್ತದೆಂದು ಈಗ ನೋಡೋಣ.

ಒಂದು ಲೀಟರ್ ಕುದಿಯುವ ನೀರು

ಸವಾರ ಮತ್ತು ಸೈಕಲ್ ಸೇರಿ 80 ಕಿಲೊ ಎನ್ನಿ. 400 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ 80 ಗುಣಿಸು 9.8 ಗುಣಿಸು 400, ಅಂದರೆ 3,13,600 ಜೌಲ್. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ್ದೂ ಹೆಚ್ಚು ಕಡಿಮೆ ಇಷ್ಟೇ ಶಕ್ತಿ! ಇದು ಎಲ್ಲಿಗಾದರೂ ಹೋಗಲೇಬೇಕು. ಒಂದಿಷ್ಟು ಗಾಳಿಯ ತಡೆಗೆ ಹೋಗುತ್ತದೆ. ಉಳಿದದ್ದು ಬ್ರೇಕಿನ ರಬ್ಬರಿನಲ್ಲೂ ರಿಮ್ಮಿನಲ್ಲೂ ಶಾಖವಾಗಬೇಕು. ಬ್ರೇಕೇ ಇಲ್ಲದಿದ್ದರೆ ಸವಾರನ ತೊಡೆಯ ಸ್ನಾಯುಗಳೇ ಅದನ್ನು ತಡೆದು ಹಿಡಿಯಬೇಕು. ಘಟ್ಟವಿಡೀ ಹಾಗೆ ತಡೆಯುತ್ತ ಇಳಿಯುವುದು ಪಳಗಿದವರಿಗೂ ಕಷ್ಟ.

ಇನ್ನೊಂದು ವಿಷಯ. ವೇಗ ತಗ್ಗಿಸುವಾಗ ಮೈಭಾರ ಮುಂದಕ್ಕೆ ವಾಲುತ್ತದೆ, ಹಿಂಗಾಲಿ ಹಗುರಾಗುತ್ತದೆ. ಆದ್ದರಿಂದ ಹಿಂಗಾಲಿ ಒಂದನ್ನೇ ತಡೆದರೆ ಸಿಗುವ ಹಿಡಿತ ಮುಂದಿನ ಬ್ರೇಕಿನ ಅರ್ಧದಷ್ಟು. ಗಂಟೆಗೆ 36 ಕಿ.ಮೀ. ವೇಗದಲ್ಲಿರುವ ಸೈಕಲ್ಲನ್ನು ಒಣಗಿದ, ಸಮತಟ್ಟಾದ ರಸ್ತೆಯಲ್ಲಿ ಮುಂದಿನ ಬ್ರೇಕ್ ಸುಮಾರು 10 ಮೀಟರಿನಲ್ಲಿ ನಿಲ್ಲಿಸಿದರೆ, ಹಿಂಗಾಲಿಯ ತಡೆಗೆ ಸುಮಾರು 20 ಮೀಟರ್ ಬೇಕು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ವರ್ಷಕ್ಕೆ ಐದು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಈ ಬೆಟ್ಟದಲ್ಲಿ ರಸ್ತೆ ಪಾಚಿಗಟ್ಟಿರುತ್ತದೆ, ರಿಮ್ಮು ಒದ್ದೆಯಾಗಿರುತ್ತದೆ. ತಿರುವಿನಾಚೆ ಬಸ್ಸೋ ಕಾಡುಕೋಣವೋ ನಿಂತಿದ್ದರೆ ಆ ಹತ್ತು ಮೀಟರ್ ವ್ಯತ್ಯಾಸವೇ ಜೀವ.

ತಿರುವುಗಳಲ್ಲಿ ಇನ್ನೂ ಒಂದು ಅಪಾಯ ಅಡಗಿದೆ. ಸಾಮಾನ್ಯ ಸೈಕಲ್ ಸವಾರ ತಿರುವಿನಲ್ಲಿ ಒಳಬದಿಯ ಪೆಡಲನ್ನು ಮೇಲೆತ್ತಿ ಇಟ್ಟುಕೊಂಡು ವಾಲುತ್ತಾನೆ. ಫಿಕ್ಸೆಡ್ ಗೇರಿನಲ್ಲಿ ಪೆಡಲು ನಿಲ್ಲುವುದೇ ಇಲ್ಲ. ವಾಲಿದಾಗ ಅದು ಕೆಳಗೆ ಬಂದರೆ ನೆಲಕ್ಕೆ ತಾಗಿ ಹಿಂಗಾಲಿಯನ್ನು ಎತ್ತಿಬಿಡುತ್ತದೆ. ಟ್ರ್ಯಾಕ್ ಸೈಕಲ್ಲಿನ ಫ್ರೇಮಿನಲ್ಲಿ ಪೆಡಲಿನ ಅಚ್ಚನ್ನು ಎತ್ತರದಲ್ಲಿ ಇಟ್ಟಿರುತ್ತಾರೆ, ಪೆಡಲಿನ ತೋಳೂ ಗಿಡ್ಡ. ರಸ್ತೆಯ ಫ್ರೇಮನ್ನು ಬದಲಾಯಿಸಿಕೊಂಡಾಗ ಆ ಅನುಕೂಲ ಸಿಗುವುದಿಲ್ಲ.

ಗಾಲಿ ತಿರುಗಿಸಿದ ಕಾಲ

ಒಂದೇ ಗೇರಿನ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದವರೇ ಇಲ್ಲವೆಂದಲ್ಲ. 1910ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆ ಮೊದಲ ಬಾರಿಗೆ ಪೈರಿನೀಸ್ ಪರ್ವತದ ಎತ್ತರದ ಕಣಿವೆಗಳನ್ನು ದಾಟಿದಾಗ ಗೇರು ಬದಲಾಯಿಸುವ ಸಾಧನಕ್ಕೆ ಅಲ್ಲಿ ಜಾಗವಿರಲಿಲ್ಲ. ಘಟಾನುಘಟಿಗಳೂ ಕೆಲವೆಡೆ ಸೈಕಲ್ ತಳ್ಳಿಕೊಂಡೇ ಹತ್ತಿದರು, ನಮ್ಮ ಸಂಸೆಯ ಶಾಲಾ ಮಕ್ಕಳಂತೆ! ಆಗ ಅವರು ಮಾಡಿಕೊಂಡ ಉಪಾಯ ಸರಳ. ಹಿಂಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲುಗಳ ಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೇರು ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ.

ಆ ಹಳೆಯ ಉಪಾಯ ಇಂದಿಗೂ ಉಳಿದಿದೆ. ಒಂದು ಬದಿಗೆ ಫಿಕ್ಸೆಡ್ ಹಲ್ಲುಚಕ್ರ, ಇನ್ನೊಂದು ಬದಿಗೆ ಫ್ರೀವೀಲ್ ಹಾಕಬಹುದಾದ ಹಬ್‌ಗಳು ಸಿಗುತ್ತವೆ. ಬಯಲಿನಲ್ಲಿ ಒಂದು ಬದಿ, ಬೆಟ್ಟದಲ್ಲಿ ಇನ್ನೊಂದು. ಹಳೆಯ ಸೈಕಲ್ಲನ್ನು ಬದಲಾಯಿಸಲೇಬೇಕೆಂಬ ಹುಡುಗನಿಗೆ ಕೊಡಬಹುದಾದ ಒಳ್ಳೆಯ ಸಲಹೆ ಇದೇ.

ಮಗನ ಪ್ರಶ್ನೆಗೆ ಉತ್ತರವೂ ಇಲ್ಲಿಗೆ ಸಿಕ್ಕಂತಾಯಿತು. ಬಿಚ್ಚಿ ಕಟ್ಟಿ ಕಲಿಯಲಿ, ಬೇಡವೆನ್ನಬೇಕಿಲ್ಲ. ಲಿವರು, ಘರ್ಷಣೆ, ಥ್ರೆಡ್ಡಿನ ದಿಕ್ಕು, ಅನುಪಾತ ಎಲ್ಲವೂ ಕೈಗೆ ಎಣ್ಣೆ ಮೆತ್ತಿಕೊಂಡೇ ತಲೆಗೆ ಹೋಗುತ್ತವೆ. ಆದರೆ ಕರಾರು ನಾಲ್ಕು. ಹಬ್ ಎಡ ಥ್ರೆಡ್ಡಿನ ಉಂಗುರವಿರುವ ನಿಜವಾದ ಟ್ರ್ಯಾಕ್ ಹಬ್ ಆಗಿರಬೇಕು. ಮುಂದಿನ ಬ್ರೇಕನ್ನು ಎಂದಿಗೂ ತೆಗೆಯಬಾರದು. ಫ್ರೀವೀಲ್ ಬದಿ ಹಾಕಿದಾಗ ಹಿಂದಿನ ಬ್ರೇಕೂ ಇರಬೇಕು. ಮೊದಲ ಕೆಲವು ವಾರ ಖಾಲಿ ಮೈದಾನದಲ್ಲೇ ಅಭ್ಯಾಸ ಆಗಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಘಟ್ಟದ ರಸ್ತೆಗೆ ಫಿಕ್ಸೆಡ್ ಗೇರ್ ಬೇಡವೇ ಬೇಡ.

ಹೋಗುವವರಿಗೆ

ಕಾರ್ಕಳದಿಂದ ಕುದುರೆಮುಖ ಪಟ್ಟಣಕ್ಕೆ ಸುಮಾರು 50 ಕಿ.ಮೀ. ಎರಡೂ ಕಡೆಯಿಂದ ಬಸ್ಸಿನಲ್ಲಿ ಬರಬಹುದು. ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ ಹಾಯುವುದರಿಂದ ತಪಾಸಣಾ ಠಾಣೆಗಳಲ್ಲಿ ಸಮಯ ಮತ್ತು ನಿಲುಗಡೆಯ ನಿಯಮಗಳನ್ನು ಕೇಳಿಕೊಂಡೇ ಮುಂದೆ ಸಾಗಬೇಕು. ಶಿಖರ ಹತ್ತಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಸೈಕಲ್ಲಿನಲ್ಲಿ ಬರುವವರು ಗೇರು ಮತ್ತು ಎರಡು ಒಳ್ಳೆಯ ಬ್ರೇಕುಗಳಿರುವ ಸೈಕಲ್ ತರಲಿ, ಹಿರಿಯರ ಜೊತೆಗೆ ಬರಲಿ. ತಿಂಡಿಯ ಪ್ಲಾಸ್ಟಿಕ್ ಚೀಲವನ್ನು ಕಾಡಿನಲ್ಲಿ ಬಿಡದೆ ಹಿಂದಕ್ಕೆ ಒಯ್ಯಲಿ. ಏರಿನಲ್ಲಿ ಇಳಿದು ತಳ್ಳಬೇಕಾಗಿ ಬಂದರೆ ನಾಚಿಕೆಪಡಬೇಕಿಲ್ಲ. ಈ ಊರಿನ ಮಕ್ಕಳು ಶಾಲೆಗೆ ಹೋಗುವುದೇ ಹಾಗೆ.